ಹೆರ್ಡ್ ರಿಗ್ ಬೆಟ್ಟದ ಎರಡು ಕಲ್ಲುಗುಡ್ಡೆ

ಎಡ್ನಾ ಥೆಕ್‌ಸ್ಟನ್ ಓಡಿದ್ದನ್ನು ನಾನು ಒಂದೇ ಒಂದು ಸಲ ನೋಡಿದ್ದೇನೆ. ಅದೂ ಟಗರು ಅಟ್ಟಿಸಿಕೊಂಡು ಬಂದಾಗ. ಹಾಗಿದ್ದರೂ ಕೆಸಿಕ್ ಪೇಟೆಯ ಸುತ್ತಮುತ್ತಲಿನ ಬೆಟ್ಟದ ಓಟಗಾರರಲ್ಲಿ ಅವಳ ಕೈಯ ಚಹಾ ಕುಡಿಯದವನು ಸಿಗಲಿಕ್ಕಿಲ್ಲ. ಗಂಡ ವಿಲ್ಫ್ ಅಂಚೆಯವನು. ವಾರವೆಲ್ಲ ಕಾಗದ ಹೊತ್ತು ಕಣಿವೆ ಸುತ್ತಿದ್ದು ಸಾಲದೆಂದು ಭಾನುವಾರ ಬೆಟ್ಟ ಹತ್ತಿ ಓಡುತ್ತಿದ್ದ. ಮದುವೆಯಾದ ಹೊಸದರಲ್ಲಿ ಇವಳು ರಸ್ತೆ ಬದಿಯಲ್ಲಿ ಫ್ಲಾಸ್ಕು ಹಿಡಿದು ಅವನಿಗಾಗಿ ಕಾದಳು. ಆಮೇಲೆ ಅವನ ಗೆಳೆಯರಿಗಾಗಿ ಕಾದಳು. ಆಮೇಲೆ ಗೆಳೆಯರ ಮಕ್ಕಳಿಗಾಗಿ. ನಲವತ್ತು ವರ್ಷ ಹೀಗೇ ಕಳೆಯಿತು. ಈ ಗಂಡಸರ ಹುಚ್ಚಿಗೆ ನೀನ್ಯಾಕೆ ಮಳೆಯಲ್ಲಿ ನೆನೀತೀಯ ಎಂದು ನಾನೊಮ್ಮೆ ಕೇಳಿದ್ದೆ. "ಮನೇಲಿದ್ರೆ ಬಟ್ಟೆ ಒಗೀಬೇಕಲ್ಲ ಟೀಚರೇ" ಎಂದಳು.

ಅವಳದೊಂದು ಮಡಚುವ ಕುರ್ಚಿ ಇತ್ತು. ಓಟಗಾರ ಬೆಟ್ಟ ಇಳಿದು ರಸ್ತೆಗೆ ಬಂದರೆ ಆ ಕುರ್ಚಿಯಲ್ಲಿ ಹತ್ತು ನಿಮಿಷ ಕೂರಬಹುದು, ಹನ್ನೊಂದನೆಯ ನಿಮಿಷಕ್ಕೆ ಅವಳು ಕುರ್ಚಿಯನ್ನೇ ಎಳೆದುಬಿಡುತ್ತಿದ್ದಳು. ನೆಲಕ್ಕೆ ಬಿದ್ದವರೂ ಇದ್ದಾರೆ. ಕುರ್ಚಿಯ ಹತ್ತಿರ ಅವಳೊಬ್ಬಳದೇ ಮಾತು. ಮಳೆ ಬರುತ್ತದೆ, ತಡವಾಗಿದೆ, ನಿನ್ನ ಮುಖ ಬಿಳಚಿಕೊಂಡಿದೆ ಎಂದೆಲ್ಲ ಯಾರಾದರೂ ಬಾಯಿ ಬಿಟ್ಟರೆ ಅವರನ್ನು ವ್ಯಾನಿನ ಹಿಂದಕ್ಕೆ ಅಟ್ಟುತ್ತಿದ್ದಳು. ಕೆಟ್ಟ ಸುದ್ದಿಯನ್ನು ಕುರ್ಚಿಯಲ್ಲಿ ಕೂತವನಿಗೆ ಹೇಳಬಾರದು ಎನ್ನುವುದು ಅವಳ ಕಾನೂನು. ನಾನು ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಹದ್ದುಬಸ್ತಿನಲ್ಲಿ ಇಟ್ಟವಳು. ಅವಳ ವ್ಯಾನು ಓಡಿಸಲು ಹೋದ ಮೊದಲ ದಿನವೇ ನನ್ನನ್ನೂ ಹಿಂದಕ್ಕೆ ಅಟ್ಟಿದಳು.

ಎಂಬತ್ತಾರನೆಯ ಇಸವಿಯ ಜೂನ್ ತಿಂಗಳಲ್ಲಿ ಲ್ಯಾಂಟಿ ಗಾಸ್ಕಾರ್ತ್ ದಾಖಲೆಗೆ ಹೊರಟ. ಸ್ಲೇಟು ಕಲ್ಲಿನ ಕ್ವಾರಿಯಲ್ಲಿ ಕೆಲಸ ಮಾಡುವವನು, ಮೂವತ್ತನಾಲ್ಕು ವಯಸ್ಸು. ನಮ್ಮ ಸರೋವರಗಳ ನಾಡಿನ ಇನ್ನೂರ ಹದಿನಾಲ್ಕು ಬೆಟ್ಟಗಳನ್ನು ಒಂದೇ ಉಸಿರಿಗೆ ಮುಗಿಸಬೇಕು. ಅದುವರೆಗಿನ ದಾಖಲೆ ಆರು ದಿನ ಹದಿನೈದು ಗಂಟೆ. ಈ ಓಟ, ಬೆಟ್ಟದಲ್ಲಿ ಬಿದ್ದವರನ್ನು ಹೊತ್ತು ತರುವ ತಂಡಕ್ಕೆ ಹಣ ಕೂಡಿಸಲು. ಎರಡು ವರ್ಷದ ಹಿಂದೆ ಲ್ಯಾಂಟಿಯ ತಮ್ಮ ಬಂಡೆಯಿಂದ ಜಾರಿ ಬಿದ್ದಾಗ ತಂಡದವರೇನೋ ಬೇಗ ಇಳಿಸಿ ತಂದರು, ಅವರ ಮುದಿ ಜೀಪು ಮಾತ್ರ ಹಳ್ಳದ ಮಧ್ಯೆ ನಲವತ್ತು ನಿಮಿಷ ನಿಂತುಬಿಟ್ಟಿತು. ಹುಡುಗನ ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಆ ತಂಡಕ್ಕೊಂದು ಹೊಸ ಜೀಪು ಕೊಡಿಸುವುದು ಲ್ಯಾಂಟಿಯ ಹಟ. ಚರ್ಚಿನವರು, ಹೆಂಡದಂಗಡಿಯವರು, ಕ್ವಾರಿಯವರು ಎಲ್ಲರೂ ಕೈಲಾದಷ್ಟು ಕೊಡುವುದಾಗಿ ಹೆಸರು ಬರೆಸಿದ್ದರು.

ನಮ್ಮಲ್ಲಿ ಈ ದಾಖಲೆಗಳಿಗೆ ತೀರ್ಪುಗಾರರಿಲ್ಲ, ಬಹುಮಾನದ ಕಪ್ಪು ಇಲ್ಲ, ಫಲಕ ಇಲ್ಲ. ಇರುವುದು ಒಬ್ಬ ಸಾಕ್ಷಿ. ಪ್ರತಿ ಬೆಟ್ಟದ ತುದಿಯಲ್ಲಿ ಗುರುತಿಗೆಂದು ಪೇರಿಸಿಟ್ಟ ಕಲ್ಲುಗುಡ್ಡೆಯ ಮೇಲಿನ ಕಲ್ಲನ್ನು ಓಟಗಾರ ಮುಟ್ಟಬೇಕು. ಜೊತೆಗಿದ್ದವನು ಹೊತ್ತು ನೋಡಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಅವನ ಮಾತು ಊರಿಗೆಲ್ಲ ಮಾತು. ವಿಲ್ಫ್ ಥೆಕ್‌ಸ್ಟನ್ನನ ಸಹಿ ಇದ್ದರಂತೂ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಎಲ್ಲರ ಕಾಗದವನ್ನೂ ನಲವತ್ತು ವರ್ಷ ಹೊತ್ತು ಒಂದನ್ನೂ ಕಳೆಯದ ಮನುಷ್ಯ. ಅದರ ಜಂಬವೂ ಅವನಿಗೆ ಸಾಕಷ್ಟಿತ್ತು, ಸುಳ್ಳು ಯಾಕೆ ಹೇಳಲಿ.

ಭಾನುವಾರ ಬೆಳಗಿನ ಆರಕ್ಕೆ ಹೊರಟ ಲ್ಯಾಂಟಿ ಶನಿವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಕೆಲ್ಡ್‌ಡೇಲ್ ಕಣಿವೆಯ ಮೇಲ್ತುದಿಯ ಗೇಟಿಗೆ ಬಂದ. ರಾತ್ರಿ ಒಂಬತ್ತರೊಳಗೆ ಕೆಸಿಕ್ ಪೇಟೆಯ ಚೌಕ ಮುಟ್ಟಿದರೆ ದಾಖಲೆ. ಇನ್ನುಳಿದದ್ದು ಒಂಬತ್ತು ಬೆಟ್ಟ. ಎಡ್ನಾಳ ಸಮಯದ ಪಟ್ಟಿಯ ಪ್ರಕಾರ ಅವನ ಕೈಯಲ್ಲಿ ಒಂದು ಗಂಟೆ ನಲವತ್ತು ನಿಮಿಷ ಹೆಚ್ಚಿಗೆ ಇತ್ತು. ನಾವೆಲ್ಲ ಒಳಗೊಳಗೇ ಕುಣಿಯುತ್ತಿದ್ದೆವು. ಆ ಬೆಳಿಗ್ಗೆ ಐದಕ್ಕೆ ಜೊತೆಗೆ ಹೋದ ಸಾಕ್ಷಿ ವಿಲ್ಫ್. ಏಳನೆಯ ದಿನದ ಓಟವೆಂದರೆ ಕುಂಟುವುದೇ, ಅರವತ್ತೆರಡರ ಮುದುಕನೂ ಹೆಜ್ಜೆ ಹಾಕಬಹುದು. ಹೆರ್ಡ್ ರಿಗ್ ಬೆಟ್ಟ ಇಳಿದು ಮಂಜಿನಿಂದ ಇಬ್ಬರೂ ಹೊರಬಂದಾಗ ಯಾರು ಯಾರನ್ನು ಹಿಡಿದುಕೊಂಡಿದ್ದಾರೆ ಎನ್ನುವುದೇ ತಿಳಿಯಲಿಲ್ಲ.

ಎಡ್ನಾ ಲ್ಯಾಂಟಿಯನ್ನು ಕುರ್ಚಿಯಲ್ಲಿ ಕೂರಿಸಿ, ಮೊಣಕಾಲೂರಿ ಕೂತು ಅವನ ಬೂಟು ಬಿಚ್ಚಿದಳು. ಆ ಪಾದಗಳನ್ನು ನೋಡಲಾಗದೆ ನಾನು ಬ್ರೆಡ್ಡು ಕತ್ತರಿಸುವ ನೆಪದಲ್ಲಿ ತಿರುಗಿಕೊಂಡೆ.

"ಬಾಯಿ ತೆಗಿ" ಎಂದು ಅವನಿಗೆ ತಣ್ಣಗಿನ ರೈಸ್ ಪುಡಿಂಗ್ ತಿನ್ನಿಸಿದಳು.

"ಎಡ್ನಾ ಆಂಟಿ, ನಾನೇ ತಿಂತೀನಿ, ಮಗು ಅಲ್ಲ ನಾನು."

"ಚಮಚ ಮೂಗಿಗೆ ಹೋಗ್ತಿತ್ತು ಆಗ್ಲೇ. ಬಾಯಿ ತೆಗಿ ಅಂದ್ರೆ ತೆಗಿ."

ವಿಲ್ಫ್ ಗೋಡೆಗೊರಗಿ ಚಹಾ ಹೀರುತ್ತ ಲಹರಿಯಲ್ಲಿದ್ದ. "ಎಂಥಾ ಮಂಜು ಅಂತೀರಿ! ನನ್ನ ಕೈ ನನಗೇ ಕಾಣ್ತಿರ್ಲಿಲ್ಲ. ಇವನಂತೂ ನಡೀತಾ ನಡೀತಾನೇ ನಿದ್ದೆ ಹೊಡೀತಿದ್ದ. ಚಳಿಗೆ ಗಡಗಡ ಅಂತಿದ್ದ. ಬೇಗ ಮುಟ್ಸಿ ಇಳಿಸ್ಬಿಡಣ ಅಂತ ಕುರಿ ದಾರೀಲಿ ಉತ್ತರದ ಕಡೆಯಿಂದ ಹತ್ತಿಸ್ದೆ. ಆ ಬಿಳಿ ಕಲ್ಲು ಕೈಗೆ ಸಿಕ್ತಲ್ಲ, ದೇವ್ರು ಸಿಕ್ಕಂಗಾಯ್ತು."

ಎಡ್ನಾಳ ಕೈಯಲ್ಲಿ ಅರ್ಧ ಏರಿಸಿದ ಕಾಲುಚೀಲ ಹಾಗೇ ನಿಂತಿತು. ಒಂದು ಗಳಿಗೆ ಅಷ್ಟೇ. ಆಮೇಲೆ ಪೂರ್ತಿ ಏರಿಸಿ, ಚಮಚವನ್ನು ಲ್ಯಾಂಟಿಯ ಕೈಗೆ ಕೊಟ್ಟು, "ತಿನ್ನು, ಬಂದೆ" ಎಂದು ಎದ್ದು ಗಂಡನ ತೋಳು ಹಿಡಿದು ವ್ಯಾನಿನ ಹಿಂದಕ್ಕೆ ಕರೆತಂದಳು. ಅಲ್ಲಿ ನಾನಿದ್ದೆ. ನನ್ನನ್ನು ಹೋಗೆನ್ನಲಿಲ್ಲ, ನಾನೂ ಹೋಗಲಿಲ್ಲ.

"ಆ ಬಿಳಿ ಕಲ್ಲು ಎಷ್ಟು ದೊಡ್ಡದಿತ್ತು?"

"ಒಂದು ಬ್ರೆಡ್ಡಿನಷ್ಟು. ಯಾಕೆ?"

"ಗುಡ್ಡೆ ಸೊಂಟದಷ್ಟೇ ಎತ್ತರ ಇತ್ತಾ?"

"ಇತ್ತು. ಏನೀಗ?"

"ವಿಲ್ಫ್, ಅದು ತುದಿ ಅಲ್ಲ. ಅದು ಅಪ್ಪನ ಗುಡ್ಡೆ."

ಎಡ್ನಾ ಹುಟ್ಟಿದ್ದೇ ಹೆರ್ಡ್ ರಿಗ್ಗಿನ ಬುಡದ ಕುರಿಗಾರರ ಮನೆಯಲ್ಲಿ. ಬೆಟ್ಟದ ನೆತ್ತಿ ಅಂಗಳದಂತೆ ಚಪ್ಪಟೆ. ಮಂಜು ಕವಿದರೆ ಎಲ್ಲಿ ಇಳಿಯಬೇಕೆಂದು ನಾಯಿಗೂ ತಿಳಿಯುವುದಿಲ್ಲ. ಕುರಿ ಕೂಡಿಹಾಕಲು ಬರುವ ಮಗಳಿಗೆ ದಾರಿ ತಪ್ಪದಿರಲೆಂದು ಅವಳಪ್ಪ ನೆತ್ತಿಯ ಉತ್ತರದ ಅಂಚಿನಲ್ಲಿ ಒಂದು ಗುಡ್ಡೆ ಕಟ್ಟಿದ್ದ. ಅದರ ಮೇಲಿನ ಬಿಳಿ ಕಲ್ಲನ್ನು ಒಂಬತ್ತು ವರ್ಷದ ಎಡ್ನಾ ಹಳ್ಳದಿಂದ ತಾನೇ ಹೊತ್ತುಕೊಂಡು ಹೋಗಿದ್ದಳಂತೆ. ನಿಜವಾದ ತುದಿ ಅಲ್ಲಿಂದ ಮುನ್ನೂರು ಗಜ ಆಚೆ. ಅಲ್ಲಿ ಒಂದೇ ಒಂದು ಬಿಳಿ ಕಲ್ಲಿಲ್ಲ. ವಿಲ್ಫ್ ಯಾವಾಗಲೂ ದಕ್ಷಿಣದಿಂದ ಹತ್ತುತ್ತಿದ್ದವನು, ಮಾವನ ಗುಡ್ಡೆಯತ್ತ ಅವನೆಂದೂ ಹೋದವನಲ್ಲ.

ವಿಲ್ಫ್ ಪುಸ್ತಕ ತೆರೆದು ತನ್ನ ಸಹಿಯನ್ನೇ ನೋಡಿದ.

"ಮುನ್ನೂರು ಗಜ ಕಣೆ" ಎಂದ. "ಮುನ್ನೂರು ಗಜ, ಎರಡಾಳು ಎತ್ತರ. ಆರು ದಿನದಿಂದ ಅವನು ಹತ್ತಿರೋದೆಷ್ಟು, ಇದೆಷ್ಟು?"

"ಹಂಗಾದ್ರೆ ಅದನ್ನೇ ಪುಸ್ತಕದಲ್ಲಿ ಬರಿ. ಮುನ್ನೂರು ಗಜ ಕಮ್ಮಿ ಅಂತ ಬರ್ದು ಸಹಿ ಹಾಕು."

"ಈಗ ವಾಪಸ್ ಕಳ್ಸಿದ್ರೆ ದಾಖಲೆ ಹೋಯ್ತು. ಅವನ ಕಾಲು ನೋಡ್ದ್ಯಾ?"

"ಆ ಕಾಲಿಗೆ ಪಟ್ಟಿ ಕಟ್ಟಿದೋಳು ನಾನು. ನನಗೆ ಹೇಳ್ತೀಯಾ?"

"ನೀನು ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗಲ್ಲ ಎಡ್ನಾ."

"ಹೌದಪ್ಪ. ನಿನಗೆ ಗೊತ್ತು, ನನಗೆ ಗೊತ್ತು, ಇಲ್ಲಿ ಟೀಚರ್‌ಗೆ ಗೊತ್ತು. ಬೇರೆ ಯಾರಿಗೂ ಗೊತ್ತಿಲ್ಲ."

ನಾನು ಚಾಕು ಹಿಡಿದು ಬ್ರೆಡ್ಡನ್ನೇ ದಿಟ್ಟಿಸುತ್ತಿದ್ದೆ. ಇಪ್ಪತ್ತು ಜನಕ್ಕಾಗುವಷ್ಟು ಬ್ರೆಡ್ಡು ಕತ್ತರಿಸಿಬಿಟ್ಟಿದ್ದೆ. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಎಡ್ನಾಳ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಸುಮ್ಮನಿದ್ದರೆ ಏನು ಹೋಗುತ್ತಿತ್ತು ಇವಳ ಗಂಟು? ಹುಡುಗ ಗೆಲ್ಲುತ್ತಾನೆ, ಮುದುಕನ ಮಾನ ಉಳಿಯುತ್ತದೆ, ಬೆಟ್ಟಕ್ಕೇನು ಬೇಜಾರೇ? ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಮಕ್ಕಳು ಕಾಪಿ ಹೊಡೆದಾಗ ಬೆತ್ತ ಹಿಡಿದವಳು ನಾನೇ ಎನ್ನುವುದು ನೆನಪಾಗಿ ನಾಚಿಕೆಯೂ ಆಯಿತು.

"ನೀನೇ ಹೇಳ್ಬಿಡು" ಎಂದ ವಿಲ್ಫ್, ಮಗುವಿನ ಹಾಗೆ.

"ಸಹಿ ನಿಂದು. ನೀನು ಹೇಳ್ಬೇಕು. ಅವನಿಗೆ ಕುರ್ಚೀಲಿ ಇನ್ನು ನಾಲ್ಕು ನಿಮಿಷ ಇದೆ. ಅವನು ಎದ್ದು ಆ ಕಡೆ ಬೆಟ್ಟಕ್ಕೆ ಕಾಲಿಡೋದ್ರೊಳಗೆ ಹೇಳು."

"ಹೇಳ್ದಿದ್ರೆ?"

"ಆಗ ನಾನು ಹೇಳ್ತೀನಿ." ಅವಳು ಗಂಡನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ಆದ್ರೆ ನನ್ನಿಂದ ಹೇಳಿಸ್ಬೇಡ ವಿಲ್ಫ್. ದಮ್ಮಯ್ಯ, ಹೇಳಿಸ್ಬೇಡ."

ಅವಳು ಹಿಂದಿರುಗಿ ಹೋಗಿ, ಏನೂ ನಡೆದೇ ಇಲ್ಲವೆಂಬಂತೆ ಲ್ಯಾಂಟಿಯ ಬೂಟಿನ ಲಾಡಿ ಕಟ್ಟತೊಡಗಿದಳು. ಮುಂದಿನ ಬೆಟ್ಟಕ್ಕೆ ಜೊತೆ ಹೋಗಬೇಕಾಗಿದ್ದ ಬ್ಯಾಂಕಿನ ಗುಮಾಸ್ತ ನಿಂತಲ್ಲೇ ಕುಣಿಯುತ್ತಿದ್ದ. ವಿಲ್ಫ್ ಪುಸ್ತಕವನ್ನು ಎದೆಗೆ ಅವಚಿಕೊಂಡು ಗೋಡೆಯ ಹತ್ತಿರ ನಿಂತಿದ್ದ. ಮೂರು ನಿಮಿಷ ಹೋಯಿತು. ಎಡ್ನಾ ಗಡಿಯಾರ ನೋಡಿದಳು, ಗಂಡನತ್ತ ನೋಡಲಿಲ್ಲ. ಲ್ಯಾಂಟಿ ಕೈಯೂರಿ ಎದ್ದ. ರಸ್ತೆ ದಾಟಿದ. ಆಚೆಯ ಗೇಟಿನ ಚಿಲಕಕ್ಕೆ ಕೈ ಹಾಕಿದ. ಎಡ್ನಾಳ ಬಾಯಿ ತೆರೆದದ್ದನ್ನು ನಾನು ಕಂಡೆ.

"ಲ್ಯಾಂಟಿ!"

ಕೂಗಿದ್ದು ವಿಲ್ಫ್. ಕುಂಟುತ್ತ ರಸ್ತೆ ದಾಟಿ ಹೋದ. "ನಿಲ್ಲಪ್ಪ. ನಾನು ನಿನ್ನನ್ನ ತಪ್ಪು ಗುಡ್ಡೆಗೆ ಕರ್ಕೊಂಡೋದೆ. ಹೆರ್ಡ್ ರಿಗ್ ತುದಿ ನೀನು ಮುಟ್ಟಿಲ್ಲ. ತಪ್ಪು ನಂದು."

ಲ್ಯಾಂಟಿ ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ಕ್ವಾರಿಯ ಮಾತು. ಅದನ್ನೇ ನಾಲ್ಕು ಸಲ ಆಡಿದ. ಆಮೇಲೆ ಗೇಟಿನ ಮೇಲೆ ತಲೆಯಿಟ್ಟು ನಿಂತ. ಅವನ ಬೆನ್ನು ಅದುರುತ್ತಿತ್ತು. ಯಾರೂ ಹತ್ತಿರ ಹೋಗುವ ಧೈರ್ಯ ಮಾಡಲಿಲ್ಲ. ತಲೆಯೆತ್ತಿದಾಗ ಅವನು ವಿಲ್ಫ್‌ನತ್ತ ನೋಡದೆ ಎಡ್ನಾಳನ್ನು ಕೇಳಿದ:

"ಎಷ್ಟು ಹೊತ್ತು ಬೇಕು ಆಂಟಿ, ಹೋಗಿ ಬರೋಕೆ?"

"ಒಂದು ಗಂಟೆ ಐವತ್ತು ನಿಮಿಷ."

"ನನ್ನ ಹತ್ರ ಇರೋದು?"

"ಒಂದು ಗಂಟೆ ನಲವತ್ತು."

ಅವನು ನಕ್ಕ. ಅಂಥ ನಗುವನ್ನು ನಾನು ಮತ್ತೆ ನೋಡಬಯಸುವುದಿಲ್ಲ. "ಹತ್ತು ನಿಮಿಷ ಎಲ್ಲಾದ್ರೂ ಕದೀತೀನಿ ಬಿಡಿ. ಯಾರು ಬರ್ತೀರಿ ಜೊತೆಗೆ?"

ಗುಮಾಸ್ತನಿಗೆ ಆ ಬೆಟ್ಟ ಗೊತ್ತಿರಲಿಲ್ಲ. ವಿಲ್ಫ್‌ನ ಮಂಡಿ ಊದಿ ಕುಂಬಳಕಾಯಿಯಾಗಿತ್ತು. ಮಂಜು ಇನ್ನೂ ಕೆಳಕ್ಕೆ ಇಳಿಯುತ್ತಿತ್ತು. ಎಡ್ನಾ ಗಡಿಯಾರವನ್ನು ಕುತ್ತಿಗೆಯಿಂದ ತೆಗೆದು ನನ್ನ ಕೊರಳಿಗೆ ಹಾಕಿದಳು.

"ಗಂಟೆ ನೋಡ್ಕೊಳ್ಳಿ ಟೀಚರೇ. ಯಾರಿಗೂ ಕುರ್ಚಿ ಕೊಡ್ಬೇಡಿ" ಎಂದು ವಿಲ್ಫ್‌ನ ಕೈಯಿಂದ ಪುಸ್ತಕ ತೆಗೆದುಕೊಂಡು, ರಬ್ಬರ್ ಬೂಟಿನಲ್ಲೇ ಹೊರಟುಬಿಟ್ಟಳು. ಅರವತ್ತನಾಲ್ಕು ವರ್ಷದವಳು, ಏಪ್ರನ್ ಕೂಡ ಬಿಚ್ಚಿರಲಿಲ್ಲ.

ಮೇಲೆ ಏನಾಯಿತು ಎನ್ನುವುದನ್ನು ಲ್ಯಾಂಟಿಯೇ ಆಮೇಲೆ ಹೇಳಿದ್ದು. ಅವಳು ಓಡಲಿಲ್ಲ, ಒಮ್ಮೆಯೂ ನಿಲ್ಲಲೂ ಇಲ್ಲ. ಕುರಿ ಅಟ್ಟುವವರ ನಡಿಗೆ. ದಾರಿಯುದ್ದಕ್ಕೂ ಬೈದಳಂತೆ. "ಏನೋ ಇದು, ಮದುವೆ ದಿಬ್ಬಣದಲ್ಲಿ ಹೋಗೋ ಹಂಗೆ ಹೋಗ್ತಿದ್ದೀಯ? ನಮ್ಮಪ್ಪನ ಕುಂಟು ಕುರಿ ನಿನಗಿಂತ ಜೋರು!" ಬಿಳಿ ಕಲ್ಲಿನ ಹತ್ತಿರ ಬಂದಾಗ ಅದರ ಮೇಲೆ ಒಮ್ಮೆ ಕೈಯಿಟ್ಟು, ಗಾಳಿ ಎಡಗೆನ್ನೆಗೆ ಬೀಳುವಂತೆ ತಿರುಗಿ, ಅವನ ಕೈ ಹಿಡಿದುಕೊಂಡು ಮಂಜಿನೊಳಕ್ಕೆ ಎಣಿಸುತ್ತ ನಡೆದಳು. ನಾನೂರ ಹತ್ತು ಹೆಜ್ಜೆಗೆ ಕೈಗೆ ಕಲ್ಲು ತಾಗಿತು. "ಮುಟ್ಟು" ಎಂದಳು. ಮುಟ್ಟಿದ. ಮಳೆಹನಿ ಬೀಳದಂತೆ ಏಪ್ರನ್ ಅಡ್ಡ ಹಿಡಿದು ಪುಸ್ತಕದಲ್ಲಿ ಬರೆದಳು. ಗಂಡನ ಸಹಿಯನ್ನು ಹೊಡೆದುಹಾಕಲು ಅವಳಿಗೆ ಕೈ ಬರಲಿಲ್ಲವಂತೆ. ಕೆಳಗೆ ಬಂದ ಮೇಲೆ ಪೆನ್ನನ್ನು ವಿಲ್ಫ್‌ಗೆ ಕೊಟ್ಟಳು, ಅವನೇ ಗೀಟು ಎಳೆದ.

ಒಂದು ಗಂಟೆ ನಲವತ್ತೊಂಬತ್ತು ನಿಮಿಷದಲ್ಲಿ ಬಂದಿದ್ದರು. ಲ್ಯಾಂಟಿ ಕುರ್ಚಿಯತ್ತ ಕಣ್ಣು ಕೂಡ ಹಾಯಿಸದೆ ರಸ್ತೆ ದಾಟಿ ಹೋದ.

ಉಳಿದ ಒಂಬತ್ತು ಬೆಟ್ಟಗಳಲ್ಲಿ ಅವನು ಹತ್ತು ನಿಮಿಷ ಕದಿಯಲು ಪಟ್ಟ ಪಾಡು ಹೇಳತೀರದು. ಒಂದರಲ್ಲಿ ಮೂರು ನಿಮಿಷ ಗಳಿಸಿದರೆ ಇನ್ನೊಂದರಲ್ಲಿ ನಾಲ್ಕು ಕಳೆದುಕೊಳ್ಳುತ್ತಿದ್ದ. ಎಡ್ನಾ ಎಂದಿನಂತೆ ಪಾದ ಒರೆಸಿ, ತಿನ್ನಿಸಿ, ಕುರ್ಚಿ ಎಳೆದಳು. ವಿಲ್ಫ್ ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತಿದ್ದ. ಅವಳು ಕೊಟ್ಟ ಚಹಾ ಅವನ ಕೈಯಲ್ಲೇ ಆರಿಹೋಗುತ್ತಿತ್ತು.

ನಮ್ಮಲ್ಲಿ ಜೂನ್ ತಿಂಗಳಲ್ಲಿ ಕತ್ತಲಾಗುವುದು ಹತ್ತರ ಮೇಲೆ, ಪೇಟೆಯ ಚೌಕದಲ್ಲಿ ಹಗಲಿನ ಬೆಳಕು ಇನ್ನೂ ಚೆನ್ನಾಗಿಯೇ ಇತ್ತು. ಗಡಿಯಾರ ಒಂಬತ್ತು ಹೊಡೆದಾಗ ನೆರೆದ ಜನರೆಲ್ಲ ಬೀದಿಯತ್ತ ಕತ್ತು ಚಾಚಿ ನಿಂತಿದ್ದರು. ಲ್ಯಾಂಟಿ ಬೀದಿಯ ತಿರುವಿನಲ್ಲಿ ಕಂಡಾಗ ಒಂಬತ್ತೂ ಏಳು. ಓಟ ಮುಗಿಯುವ ಗಡಿಯಾರ ಕಟ್ಟಡದ ಮೆಟ್ಟಿಲು ಮುಟ್ಟಿದಾಗ ಒಂಬತ್ತೂ ಒಂಬತ್ತು. ಆದರೂ ಜನ ಹುಚ್ಚೆದ್ದು ಚಪ್ಪಾಳೆ ಹೊಡೆದರು. ಅವನ ತಮ್ಮ ಊರುಗೋಲನ್ನು ಮೇಲಕ್ಕೆತ್ತಿ ಕೂಗಿದ. ಮುಂದೆ ಜೀಪೂ ಬಂತು, ಮಾತು ಕೊಟ್ಟವರು ಒಬ್ಬರೂ ತಪ್ಪಲಿಲ್ಲ. ದಾಖಲೆ ಮಾತ್ರ ಹಳೆಯವನ ಹೆಸರಿನಲ್ಲೇ ಉಳಿಯಿತು.

ವಿಲ್ಫ್ ವ್ಯಾನಿನಿಂದ ಇಳಿದಿರಲಿಲ್ಲ. ಲ್ಯಾಂಟಿ ಇಬ್ಬರ ಹೆಗಲ ಮೇಲೆ ಭಾರ ಬಿಟ್ಟು, ಜನರನ್ನು ಸರಿಸಿಕೊಂಡು ನಮ್ಮ ಕಡೆಗೇ ಬಂದ. ಎಡ್ನಾ ಬಾಗಿಲಿಗೆ ಅಡ್ಡ ನಿಂತಳು.

"ಸರೀರಿ ಆಂಟಿ, ಹೊಡೆಯೋಕೆ ಕೈಯಲ್ಲಿ ಶಕ್ತಿ ಇಲ್ಲ." ಒಳಗೆ ಬಗ್ಗಿ ನೋಡಿದ. "ಯಜಮಾನ್ರೇ, ಸಿಟ್ಟಿಲ್ಲ ಅಂತ ಹೇಳೋಕೆ ಬಂದಿಲ್ಲ. ಸಿಟ್ಟಿದೆ. ಕ್ರಿಸ್‌ಮಸ್‌ವರೆಗೂ ಇರುತ್ತೆ. ಅದಾದ ಮೇಲೆ, ಮುಂದಿನ ಜೂನ್‌ಗೆ ನನಗೊಬ್ಬ ಸಾಕ್ಷಿ ಬೇಕು."

"ನನ್ನ ಸಹಿ ಇನ್ಯಾರು ನಂಬ್ತಾರಪ್ಪ?" ಎಂದ ವಿಲ್ಫ್.

"ಸುಮ್ಮನೆ ಇದ್ದಿದ್ರೆ ಈಗ ನನ್ನ ಹೆಸರು ಪತ್ರಿಕೇಲಿ ಬರ್ತಿತ್ತು. ನೀವು ಸುಮ್ಮನಿರಲಿಲ್ಲ. ನಂಬೋಕೆ ಇನ್ನೇನು ಬೇಕು? ಆದ್ರೆ ಒಂದು ಕಂಡೀಷನ್ನು. ಹೆರ್ಡ್ ರಿಗ್ಗಿಗೆ ಮಾತ್ರ ಆಂಟಿ ಬರ್ಬೇಕು. ನೀವು ಕೆಳಗೆ ಚಹಾ ಮಾಡಿ."

ಸುತ್ತಲಿದ್ದವರು ನಕ್ಕರು. ವಿಲ್ಫ್ ನಗಲಾರದೆ ಮುಖ ಮುಚ್ಚಿಕೊಂಡು ಅತ್ತ. ನನಗೂ ಕಣ್ಣು ತುಂಬಿ ಬಂತು. ಬೆಳಿಗ್ಗೆ ಎಡ್ನಾಳ ಮೇಲೆ ಸಿಟ್ಟಾಗಿದ್ದೆನಲ್ಲ, ಅದಕ್ಕೆ.

ವ್ಯಾನನ್ನು ನಾನೇ ಓಡಿಸಿಕೊಂಡು ಹೊರಟೆ, ಅವರಿಬ್ಬರೂ ಹಿಂದೆ ಕೂತಿದ್ದರು. ಕೆಲ್ಡ್‌ಡೇಲ್ ತಿರುವಿನ ಹತ್ತಿರ ವಿಲ್ಫ್ ಮೆಲ್ಲನೆ ಅಂದ:

"ನೀನು ಸುಮ್ಮನಿರಬಹುದಿತ್ತು ಎಡ್ನಾ. ನನಗೋಸ್ಕರ."

"ಇರಬಹುದಿತ್ತು" ಎಂದಳು. "ನಲವತ್ತು ವರ್ಷದಿಂದ ನೀನು ಹೇಳಿದ್ದಕ್ಕೆಲ್ಲ ನಂಬಿ ಹೂಂ ಅಂದಿದ್ದೀನಿ. ಸುಮ್ಮನಿದ್ದಿದ್ರೆ ನಾಳೆಯಿಂದ ನಂಬದೇನೇ, ನಿನ್ನ ಮನಸ್ಸು ನೋಯಬಾರ್ದು ಅಂತಷ್ಟೇ ಹೂಂ ಅನ್ಬೇಕಾಗ್ತಿತ್ತು."

ಒಂದೆರಡು ಮೈಲಿ ಕಳೆದ ಮೇಲೆ ಕನ್ನಡಿಯಲ್ಲಿ ನೋಡಿದೆ. ಆರು ದಿನದಿಂದ ಕಣ್ಣಿಗೆ ಕಣ್ಣು ಹಚ್ಚದವಳು ಗಂಡನ ಹೆಗಲ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಅವನು ಅವಳ ತಲೆ ಅಲುಗಾಡದಂತೆ ಕೈ ಕೊಟ್ಟು ಹಿಡಿದಿದ್ದ.

"ಟೀಚರೇ, ಸ್ವಲ್ಪ ನಿಧಾನಕ್ಕೆ ಹೋಗಿ" ಎಂದ. "ಇವತ್ತು ಹತ್ತು ನಿಮಿಷದ ಲೆಕ್ಕ ಇಲ್ಲ."